ಸ್ತಾವ್ರಿಯ ಬಗ್ಗೆ ಎಂಟು ಸಾಲು

ಮೂವತ್ತೊಂದು ವರ್ಷದಿಂದ ಸ್ತಾವ್ರಿ ಎಂಬ ಹಳ್ಳಿಗೆ ಕಾಲಿಡದ ಸೆವಾಸ್ತಿಗೇ ಸ್ತಾವ್ರಿಯ ಬಗ್ಗೆ ಬರೆಯುವ ಕೆಲಸ ಬಂದದ್ದು ಯಾರ ತಪ್ಪೂ ಅಲ್ಲ. ಆ ಪುಟ್ಟ ಗ್ರೀಕ್ ದ್ವೀಪದಲ್ಲಿ ನೆಟ್ಟಗೆ ನಾಲ್ಕು ವಾಕ್ಯ ಬರೆಯಬಲ್ಲವರು ಅಂತ ಇದ್ದದ್ದೇ ಅವಳೊಬ್ಬಳು. ಪುರಸಭೆಯಲ್ಲಿ ಮೂವತ್ತಾರು ವರ್ಷ ಹುಟ್ಟು ಸಾವುಗಳನ್ನು ದಾಖಲಿಸಿ ನಿವೃತ್ತಳಾದವಳು. ಯಾರಾದರೂ ಸತ್ತರೆ ಕಂಬಕ್ಕೆ ಅಂಟಿಸುವ ಕಪ್ಪು ಅಂಚಿನ ಕಾಗದ, ಹಡಗು ತಡವಾದರೆ ಅಥೆನ್ಸಿನ ಮಂತ್ರಿಗೆ ಹೋಗುವ ದೂರು, ಚರ್ಚಿಗೆ ದೀಪ ಕೊಟ್ಟವರ ಹೆಸರಿನ ಫಲಕ, ಎಲ್ಲವೂ ಅವಳ ಕೈಯಿಂದಲೇ ಆಗಬೇಕು. ಮದುವೆಯಾಗಿರಲಿಲ್ಲ. ಅರವತ್ತೆಂಟರ ವಯಸ್ಸಿನಲ್ಲೂ ಅಲ್ಪವಿರಾಮ ತಪ್ಪಿದ ಕಾಗದ ಕಂಡರೆ ಅವಳಿಗೆ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ವಸಂತದ ಒಂದು ಬೆಳಗ್ಗೆ ಉಪಮೇಯರ್ ಪಂದೆಲಿಸ್ ರೇವಿನಿಂದ ಏದುಸಿರು ಬಿಡುತ್ತಾ ಅವಳ ಊರು ಲಿಥಾರಿಗೆ ಹತ್ತಿ ಬಂದು ಅವಳ ಅಂಗಳದ ಕುರ್ಚಿಯಲ್ಲಿ ಕುಸಿದ.

"ಕಿರಾ ಸೆವಾಸ್ತಿ," ಎಂದ, ಅಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವಂತೆ. "ಒಂದು ಸಣ್ಣ ಪುಸ್ತಕ ಆಗಬೇಕಿತ್ತು. 'ನಮ್ಮ ದ್ವೀಪದಲ್ಲಿ ನೋಡಬೇಕಾದ ಸಾಂಪ್ರದಾಯಿಕ ಹಳ್ಳಿಗಳು' ಅಂತ. ಇರೋದೇ ಎರಡು ಹಳ್ಳಿ, ನಿಮಗೇನು ದೊಡ್ಡ ಕೆಲಸ ಅಲ್ಲ."

"ಎರಡಾ? ನನಗೆ ಗೊತ್ತಿರೋದು ಒಂದೇ."

"ಇದೇ ನೋಡಿ, ಈ ತಮಾಷೆ ಬೇಡ. ಸ್ತಾವ್ರಿನೂ ಹಾಕಲೇಬೇಕು. ಅಲ್ಲೂ ಮತ ಇದೆ."

ಎರಡು ಊರುಗಳೂ ಜ್ವಾಲಾಮುಖಿಯ ಬಾಯಿಯ ಅಂಚಿನಲ್ಲಿ ಎದುರುಬದುರು ಕೂತಿವೆ. ನಡೆದರೆ ಎರಡು ಕಿಲೋಮೀಟರ್. ಕೆಳಗಿನ ಗುಂಡಿಯಿಂದ ಏಳುವ ಕೊಳೆತ ಮೊಟ್ಟೆಯ ವಾಸನೆ ಗಾಳಿ ತಿರುಗಿದಂತೆ ಒಂದು ದಿನ ಇವರಿಗೆ, ಇನ್ನೊಂದು ದಿನ ಅವರಿಗೆ. ವಾಸನೆ ಬಂದ ದಿನ ಅದನ್ನು ಎದುರಿನವರೇ ಕಳಿಸಿದರೆಂದು ಎರಡೂ ಕಡೆಯವರು ಬೈಯುತ್ತಾರೆ. ಆದರೆ ಸೆವಾಸ್ತಿಯ ಸಿಟ್ಟು ಇಂಥ ಸಾರ್ವಜನಿಕ ಸಿಟ್ಟಲ್ಲ. ಅವಳ ಒಬ್ಬಳೇ ತಂಗಿ ಥೆಮೆಲಿನಾ, ಹಡಗಿನ ಮೆಕ್ಯಾನಿಕನೊಬ್ಬನ ಜೊತೆ ಮದುವೆಗೆ ಒಂಬತ್ತು ದಿನ ಉಳಿದಿರುವಾಗ, ಸ್ತಾವ್ರಿಯ ಕಾಫಿ ಅಂಗಡಿಯ ಸಿದೆರಿಸನ ಹಿಂದೆ ಹೋಗಿಬಿಟ್ಟಿದ್ದಳು. ಅಂದಿನಿಂದ ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿದ್ದು ರೇವಿನಲ್ಲಿ, ಅದೂ ದೂರದಿಂದ, ಅದೂ ತಕ್ಷಣ ತಿರುಗಿಕೊಳ್ಳುವುದಕ್ಕಾಗಿ.

ಲಿಥಾರಿಯ ಬಗ್ಗೆ ಸೆವಾಸ್ತಿ ಹನ್ನೊಂದು ದಿನ ಕೂತು ನಾಲ್ಕು ಪುಟ ಬರೆದಳು. ಬೆಣಚುಕಲ್ಲಿನ ಚೌಕ, ರೆಕ್ಕೆಯಿಲ್ಲದ ಗಾಳಿಗಿರಣಿ, ತಾನೇ ಬೀಗದ ಕೈ ಇಟ್ಟುಕೊಂಡಿದ್ದ ಜಾನಪದ ಸಂಗ್ರಹಾಲಯ, ಊರಿನವರ ಅತಿಥಿಸತ್ಕಾರ, ಒಟ್ಟು ಹನ್ನೊಂದು ವಿಶೇಷಗಳು. ಸ್ತಾವ್ರಿಯದನ್ನು ಒಲೆಯ ಮೇಲೆ ಕಾಫಿ ಉಕ್ಕುವಷ್ಟರಲ್ಲಿ ಮುಗಿಸಿದಳು:

"ಸ್ತಾವ್ರಿಯಲ್ಲಿ ನೋಡುವಂಥದ್ದು ಏನೂ ಇಲ್ಲ. ಕೊಳ್ಳುವಂಥದ್ದು ಅದಕ್ಕಿಂತ ಕಡಿಮೆ. ಅಲ್ಲಿ ಯಾರೂ ನಿಮಗಾಗಿ ಕೂತಲ್ಲಿಂದ ಏಳುವುದಿಲ್ಲ. ಸಿದೆರಿಸನ ಅಂಗಡಿಯಲ್ಲಿ ಕೇಳಿದ ಕಾಫಿ ಒಂದು ಗಂಟೆಯ ಮೇಲೆ ಬರುತ್ತದೆ, ಅದೂ ಅವನ ಮನಸ್ಸಾದರೆ. ಬೀದಿಯ ಕಲ್ಲುಗಳು ಎಷ್ಟು ಏರುಪೇರೆಂದರೆ ಅಲ್ಲಿನ ಕತ್ತೆಗಳೂ ನೋಡಿಕೊಂಡು ನಡೆಯುತ್ತವೆ. ನೋಟವಿರುವ ಕಡೆ ಕಿಟಕಿ ಇಡಬೇಕೆಂದು ಅವರಿಗೆ ಹೊಳೆದಿಲ್ಲ. ಬಾಗಿಲಲ್ಲಿ ಕೂತ ಹೆಂಗಸು ನಿಮ್ಮ ವಯಸ್ಸೆಷ್ಟು, ಮಕ್ಕಳೆಷ್ಟು, ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳುತ್ತಾಳೆ. ಒಮ್ಮೆ ಅಲ್ಲಿಗೆ ಹೋದವರು ಮತ್ತೆ ಮರಳಿ ಬರುವುದಿಲ್ಲ."

ಪಂದೆಲಿಸ್ ಮೊದಲ ಪುಟ ಓದಿ, "ಅದ್ಭುತ, ಕಣ್ಣಲ್ಲಿ ನೀರು ಬಂತು," ಎಂದು ಉಳಿದದ್ದನ್ನು ಓದದೆ ಕೋಸ್ ದ್ವೀಪಕ್ಕೆ ಕಳಿಸಿದ. ಅಲ್ಲಿ ಅದನ್ನು ಇಂಗ್ಲಿಷಿಗೂ ಜರ್ಮನ್ ಭಾಷೆಗೂ ಮಾಡಿಸಿ ಅಚ್ಚು ಹಾಕಿದರು.

ಜೂನಿನಲ್ಲಿ ಪ್ರವಾಸಿಗರ ದೋಣಿಗಳು ಶುರುವಾದವು. ಬೆಳಗ್ಗೆ ಹತ್ತಕ್ಕೆ ಇಳಿದು ಸಂಜೆ ನಾಲ್ಕೂವರೆಗೆ ಹೊರಡುವ ಜನ ಅವರು. ಬಸ್ಸು ಬೆಟ್ಟ ಹತ್ತಿ ಕವಲುದಾರಿಯಲ್ಲಿ ನಿಲ್ಲುತ್ತಿತ್ತು. ಎಡಕ್ಕೆ ಲಿಥಾರಿ, ಬಲಕ್ಕೆ ಸ್ತಾವ್ರಿ. ಲಿಥಾರಿಯ ಕಾಫಿ ಅಂಗಡಿಯ ದಿಯೊಮಿದಿಸ್ ಕುರ್ಚಿಗಳಿಗೆ ಹೊಸ ದಿಂಬು ಹೊಲಿಸಿ, ಮೀಸೆಗೆ ಎಣ್ಣೆ ಹಚ್ಚಿ ಕಾದ. ಮೊದಲ ವಾರ ಮೂರು ಜನ ಬಂದರು. ಒಬ್ಬ ಶೌಚಾಲಯ ಎಲ್ಲಿ ಎಂದು ಕೇಳಿದ. ಉಳಿದಿಬ್ಬರು ಸ್ತಾವ್ರಿಗೆ ದಾರಿ ಯಾವುದು ಎಂದು ಕೇಳಿದರು.

ದಿಯೊಮಿದಿಸ್ ತಡೆಯಲಾರದೆ ಕವಲಿಗೇ ಇಳಿದುಹೋಗಿ, ಜನರನ್ನು ಕರೆತರುವ ಗೈಡ್ ಹುಡುಗಿ ಎಲ್ಪಿದಾಳನ್ನು ಹಿಡಿದ.

"ಯಾಕಮ್ಮಾ, ನಮ್ಮೂರು ಏನು ಪಾಪ ಮಾಡಿದೆ?"

"ನಾನೇನ್ ಮಾಡ್ಲಿ ಮಾವ? ಇವರೆಲ್ಲಾ ದೊಡ್ಡ ದೊಡ್ಡ ಪಟ್ಟಣದಿಂದ ಬಂದವರು. ಏನೂ ಇಲ್ಲದ ಊರು ಬೇಕು ಅಂತಾರೆ. ನಿಮ್ಮಲ್ಲಿ ಹನ್ನೊಂದು ಇದೆಯಲ್ಲ."

"ಹನ್ನೊಂದೂ ಇಲ್ಲ ಕಣಮ್ಮಾ! ಸಂಗ್ರಹಾಲಯದಲ್ಲಿ ಎರಡು ಮಗ್ಗ, ಒಂದು ತೊಟ್ಟಿಲು ಬಿಟ್ರೆ ಏನಿದೆ?"

"ಪುಸ್ತಕದಲ್ಲಿ ಹಾಗೆ ಬರೆದಿಲ್ಲ ಮಾವ."

ಅಂದು ಲಿಥಾರಿಯ ಚೌಕದಲ್ಲಿ ಸೇರಿದವರೆಲ್ಲ ಸೆವಾಸ್ತಿಯನ್ನು ಸುತ್ತುವರಿದರು. ಎರಡನೇ ಮುದ್ರಣದಲ್ಲಿ ತಮ್ಮ ಊರನ್ನೂ ನಾಲ್ಕು ಮಾತು ಬೈದು ಪುಣ್ಯ ಕಟ್ಟಿಕೊಳ್ಳಬೇಕೆಂದು ಬೇಡಿದರು.

"ನನ್ನೂರಿನ ಬಗ್ಗೆ ಕೆಟ್ಟದ್ದು ಬರೆಯೋಕೆ ನನಗೆ ಕೈ ಏಳಲ್ಲ," ಎಂದಳು ಸೆವಾಸ್ತಿ.

"ಸ್ತಾವ್ರಿಗೆ ಎದ್ದಿತಲ್ಲ! ಅವರ ಮೇಲೆ ಅಷ್ಟು ಪ್ರೀತಿ, ನಮ್ಮ ಮೇಲೆ ಇಲ್ಲ," ಎಂದ ದಿಯೊಮಿದಿಸ್.

ಆದರೂ ಅವಳು ಪ್ರಯತ್ನ ಮಾಡಿದಳು. ಒಂದು ಇಡೀ ಮಧ್ಯಾಹ್ನ ಕೂತು, 'ಲಿಥಾರಿಯ ಜನ ಸ್ವಲ್ಪ ಮಾತು ಜಾಸ್ತಿ' ಎಂದು ಬರೆದು, ಓದಿ, 'ಆದರೆ ಹೃದಯವಂತರು' ಎಂದು ಸೇರಿಸಿ, ಮತ್ತೆ ಓದಿ, ಕಾಗದ ಹರಿದಳು.

ಅದೇ ವಾರ ಸ್ತಾವ್ರಿಯಿಂದ ಒಂದು ಬುಟ್ಟಿ ಬಂತು. ಒಂದು ಸೀಸೆ ಬಾದಾಮಿ ಪಾನಕ, ಉಪ್ಪಿನಲ್ಲಿ ಹಾಕಿದ ಕೇಪರ್ ಗಿಡದ ಮೊಗ್ಗು, ಮೇಲೊಂದು ಕಾಗದ: ನಮ್ಮ ಊರನ್ನು ಲೋಕಕ್ಕೆ ಪರಿಚಯಿಸಿದ ಹಿರಿಯಕ್ಕನಿಗೆ ಊರಿನ ಸಮಸ್ತರ ವಂದನೆ. ಕಾಗದದಲ್ಲಿ ಮೂರು ಕಾಗುಣಿತ ತಪ್ಪಿದ್ದವು. ಸೆವಾಸ್ತಿ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಬುಟ್ಟಿಯ ಸಮೇತ ವಾಪಸ್ಸು ಕಳಿಸಿದಳು. ಸ್ತಾವ್ರಿಯವರು ಅವಳು ತಿದ್ದಿದ ಕಾಗದಕ್ಕೆ ಕಟ್ಟು ಹಾಕಿಸಿ ಕಾಫಿ ಅಂಗಡಿಯ ಗೋಡೆಗೆ ತೂಗುಹಾಕಿದರಂತೆ.

ಇಂಥ ಸುದ್ದಿಗಳನ್ನೆಲ್ಲ ತರುತ್ತಿದ್ದವನು ಬಸ್ಸಿನ ಚಾಲಕ. ಅವನು ಎಂಜಿನ್ ಆರಿಸದೆ ಕಿಟಕಿಯಿಂದಲೇ ಹೇಳುತ್ತಿದ್ದ.

"ಸಿದೆರಿಸ್ ಪಾಡು ಯಾರಿಗೂ ಬೇಡ ಕಿರಾ. ಪಾಪ, ಒಂದು ಫ್ರೆಂಚ್ ಹೆಂಗಸಿಗೆ ಐದೇ ನಿಮಿಷಕ್ಕೆ ಬಿಸಿಬಿಸಿ ಕಾಫಿ ತಂದುಕೊಟ್ಟ. ಅವಳು ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿ, ಇದು ಅಸಲಿ ಅಲ್ಲ ಅಂತ ವಾಪಸ್ ಕಳಿಸಿದಳು. ಈಗ ಕಾಫಿ ಮಾಡಿ ಒಳಗೆ ಇಟ್ಕೊಂಡು ಗಡಿಯಾರ ನೋಡ್ತಾ ಕೂತಿರ್ತಾನೆ. ಜ್ವಾಲಾಮುಖಿ ಕಡೆ ಗೋಡೆಗೆ ಎರಡು ಕಿಟಕಿ ಇತ್ತಲ್ಲ, ಅದಕ್ಕೂ ಹಲಗೆ ಹೊಡೆದ."

"ಇನ್ನು... ಅವಳು?"

"ಥೆಮೆಲಿನಾನಾ? ಬೆಳಗ್ಗೆಯಿಂದ ಸಂಜೆವರೆಗೆ ಬಾಗಿಲಲ್ಲಿ ಕೂತಿರ್ತಾಳೆ. ಆ ಮೂರು ಪ್ರಶ್ನೆನೂ ನಾಲ್ಕು ಭಾಷೆಲಿ ಕಲಿತಿದ್ದಾಳೆ. ಸಾಲು ನಿಂತು ಕೇಳಿಸ್ಕೊಳ್ತಾರೆ ಜನ."

ಸೆವಾಸ್ತಿ ಪುಸ್ತಕದಲ್ಲಿ ತಂಗಿಯ ಹೆಸರು ಬರೆದಿರಲಿಲ್ಲ. ಬಾಗಿಲಲ್ಲಿ ಕೂತ ಹೆಂಗಸು ಅಂದಷ್ಟೇ. ಸ್ತಾವ್ರಿಯಲ್ಲಿ ಬಾಗಿಲಿಗೆ ಬರವಿಲ್ಲ, ಹೆಂಗಸರಿಗೂ ಇಲ್ಲ. ಆದರೂ ಆ ಹೆಂಗಸು ತಾನೇ ಎಂದು ಥೆಮೆಲಿನಾ ತಿಳಿದುಕೊಂಡಿದ್ದಳು, ತಿಳಿದುಕೊಂಡು ಕುರ್ಚಿ ಹಾಕಿಕೊಂಡು ಕೂತಿದ್ದಳು. ಇದು ಸೆವಾಸ್ತಿಗೆ ಊಟದಲ್ಲಿ ಕಲ್ಲು ಸಿಕ್ಕಂತಾಯಿತು. ಬೈಗುಳ ತಾಗಿದ್ದರೆ ತಂಗಿ ಅಳಬೇಕಿತ್ತು, ಇಲ್ಲವೇ ಬಾಗಿಲು ಮುಚ್ಚಬೇಕಿತ್ತು.

ಜುಲೈ ಮೊದಲ ವಾರ, ಎರಡನೇ ಮುದ್ರಣಕ್ಕೆ ಒಮ್ಮೆ ಕಣ್ಣಾರೆ ನೋಡಿ ಬನ್ನಿ ಎಂದು ಪಂದೆಲಿಸ್ ಒತ್ತಾಯಿಸುತ್ತಿದ್ದಾನೆ ಎಂಬ ನೆಪ ಹೇಳಿಕೊಂಡು, ಸೆವಾಸ್ತಿ ಕವಲಿನಲ್ಲಿ ಬಸ್ಸು ಹತ್ತಿದಳು. ನಿಜಕ್ಕೂ ಪಂದೆಲಿಸ್ ಅಂಥ ಮಾತೇ ಆಡಿರಲಿಲ್ಲ. ಕಣ್ಣಿನ ಪೊರೆ ತೆಗೆಸಿದ ಮೇಲೆ ಕೊಟ್ಟ ಕಪ್ಪು ಕನ್ನಡಕ, ಹುಲ್ಲಿನ ಟೋಪಿ, ಒಳ್ಳೆಯ ನೀಲಿ ಉಡುಪು. ಚಡ್ಡಿ ಹಾಕಿದ ಮೂವತ್ತು ಜನ ವಿದೇಶಿಯರ ನಡುವೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಳು.

ಸ್ತಾವ್ರಿಯಲ್ಲಿ ಅವಳಿಗೆ ಮೊದಲು ಕಂಡದ್ದು ಬೀದಿಯ ಕಲ್ಲುಗಳು. ಅವು ಸಪಾಟಾಗಿದ್ದವು. ಯಾವಾಗಲೋ ಸಿಮೆಂಟು ಹಾಕಿ ಸರಿಮಾಡಿಸಿದ್ದರು. ಈಗ ಅಂಚಿನಲ್ಲಿ ಇಬ್ಬರು ಕೆಲಸದವರು ಹಾರೆ ಹಿಡಿದು ಅವನ್ನು ಮತ್ತೆ ಏಳಿಸುತ್ತಿದ್ದರು.

ಥೆಮೆಲಿನಾ ನೀಲಿ ಬಾಗಿಲ ಮುಂದೆ, ಮಡಿಲಲ್ಲಿ ಬಟ್ಟಲಿಟ್ಟುಕೊಂಡು ಬಾದಾಮಿ ಸುಲಿಯುತ್ತಾ ಕೂತಿದ್ದಳು. ದಪ್ಪಗಾಗಿದ್ದಳು. ಕೂದಲು ಅಮ್ಮನ ಹಾಗೆಯೇ ಹಣೆಯ ಮೇಲೆ ಒಂದು ಕಡೆ ಮಾತ್ರ ಬೆಳ್ಳಗಾಗಿತ್ತು. ಎಲ್ಪಿದಾ ಜನರನ್ನು ಸಾಲಾಗಿ ನಿಲ್ಲಿಸಿದಳು. ಒಬ್ಬೊಬ್ಬರಾಗಿ ಮುಂದೆ ಬಂದು, ಪ್ರಶ್ನೆ ಕೇಳಿಸಿಕೊಂಡು, ನಗುತ್ತಾ ಉತ್ತರ ಕೊಟ್ಟು ಸರಿದರು. ಸೆವಾಸ್ತಿಯ ಸರದಿ ಬಂತು. ಥೆಮೆಲಿನಾ ತಲೆಯೆತ್ತಿ ನೋಡಿದಳು. ಗುರುತು ಹಿಡಿಯಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಆದರೆ ಮುಖದ ಒಂದು ಗೆರೆಯೂ ಕದಲದಂತೆ ಇಂಗ್ಲಿಷಿನಲ್ಲೇ ಕೇಳಿದಳು:

"ನಿಮ್ಮ ವಯಸ್ಸೆಷ್ಟು?"

"ನಿನಗಿಂತ ಏಳು ವರ್ಷ ದೊಡ್ಡವಳು. ನೀನೇ ಕೂಡಿಸ್ಕೊ," ಎಂದಳು ಸೆವಾಸ್ತಿ, ತಮ್ಮ ಭಾಷೆಯಲ್ಲಿ.

"ಮಕ್ಕಳೆಷ್ಟು?" ಇದೂ ಇಂಗ್ಲಿಷಿನಲ್ಲಿ.

ಥೆಮೆಲಿನಾ ಒಂದು ಬಾದಾಮಿ ಸುಲಿದು ಬಟ್ಟಲಿಗೆ ಹಾಕಿ, ಈ ಸಲ ಗ್ರೀಕಿನಲ್ಲಿ, "ಇಲ್ವಾ? ಯಾಕಿಲ್ಲ?" ಎಂದಳು.

"ಒಬ್ಬಳನ್ನ ಸಾಕಿದ್ದೆ. ಅಪ್ಪ ಸಮುದ್ರದಲ್ಲಿ ಹೋದಾಗ ಅವಳಿಗೆ ಆರು ವರ್ಷ. ತಲೆ ಬಾಚಿದೆ, ಅಕ್ಷರ ಕಲಿಸಿದೆ, ಗಂಡು ಹುಡುಕಿದೆ. ಹಿತ್ತಲ ಬಾಗಿಲಿಂದ ಓಡಿಹೋದಳು."

ಬಟ್ಟಲು ನೆಲಕ್ಕೆ ಬಂತು.

"ಗಂಡು ಹುಡುಕಿದಳಂತೆ! ಬಾಯಿ ಬಿಟ್ರೆ ಡೀಸೆಲ್ ವಾಸನೆ ಬರೋನು! ಅಷ್ಟು ಚೆನ್ನಾಗಿದ್ರೆ ನೀನೇ ಕಟ್ಕೋಬೇಕಿತ್ತು!"

"ನಲವತ್ತು ತಟ್ಟೆ ಬಾದಾಮಿ ಮಿಠಾಯಿ ಮಾಡಿಸಿದ್ದೆ ಕಣೇ! ಇಡೀ ಲಿಥಾರಿ ಅದನ್ನ ತಿಂದು, ನನ್ನ ಮುಖ ನೋಡಿ ನಕ್ಕಿತು. ಒಂದು ವಾರ ತಿಂದ್ರು!"

"ಮಿಠಾಯಿ ಬಗ್ಗೆ ಅಳ್ತೀಯಲ್ಲ, ನನ್ನನ್ನ ಒಂದು ಮಾತು ಕೇಳಿದ್ದೆಯಾ? ಕಂಬಕ್ಕೆ ಕಾಗದ ಅಂಟಿಸಿದ ಹಾಗೆ ನನ್ನ ಮದುವೆನ ಅಂಟಿಸಿಬಿಟ್ಟೆ!"

ಜನ ಅರ್ಧಚಂದ್ರಾಕಾರವಾಗಿ ಹತ್ತಿರ ಸರಿದರು. ಏನು ಮಾತಾಡುತ್ತಿದ್ದಾರೆ ಎಂದು ಯಾರೋ ಎಲ್ಪಿದಾಳ ತೋಳು ಹಿಡಿದು ಕೇಳಿದರು. "ಮಿಠಾಯಿ ಮಾಡುವ ಹಳೆಯ ಕ್ರಮದ ಬಗ್ಗೆ," ಎಂದಳು ಎಲ್ಪಿದಾ.

ಅರ್ಧ ಗಂಟೆ ನಡೆಯಿತು. ಸಿದೆರಿಸ್ ಕಾಫಿ ಅಂಗಡಿಯ ಬಾಗಿಲಿಗೆ ಬಂದು ನೋಡಿ, ಮೆಲ್ಲಗೆ ಒಳಗೆ ಹೋಗಿಬಿಟ್ಟ. ಕೊನೆಗೆ ಥೆಮೆಲಿನಾಳ ದನಿ ಇಳಿಯಿತು. ಇಳಿದದ್ದೇ ಹೆಚ್ಚು ಭಯವಾಗುವ ಹಾಗಿತ್ತು.

"ಅಮ್ಮ ಸತ್ತಾಗ ನೀನು ಬ್ರೆಡ್ಡಿನ ವ್ಯಾನಿನವನ ಕೈಲಿ ಹೇಳಿ ಕಳಿಸಿದೆ."

"ಹೇಳಿ ಕಳಿಸಿದೆನಲ್ಲ."

"ವ್ಯಾನು ಸ್ತಾವ್ರಿಗೆ ಬರೋದು ಹನ್ನೆರಡಕ್ಕೆ. ಮಣ್ಣು ಮಾಡಿದ್ದು ಹನ್ನೊಂದಕ್ಕೆ."

ಸೆವಾಸ್ತಿ ಕನ್ನಡಕ ತೆಗೆದಳು. ಬಿಸಿಲು ಕಣ್ಣಿಗೆ ಚುಚ್ಚಿತು.

"ಹೇಳು. ವ್ಯಾನು ಹನ್ನೆರಡಕ್ಕೆ ಬರುತ್ತೆ ಅಂತ ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು," ಎಂದಳು ಸೆವಾಸ್ತಿ.

ಮೂವತ್ತು ಮುಖಗಳು ಎಲ್ಪಿದಾಳ ಕಡೆ ತಿರುಗಿದವು. "ಇಲ್ಲಿಗೆ ಬ್ರೆಡ್ಡು ಸಮಯಕ್ಕೆ ಸರಿಯಾಗಿ ಬರುವುದಿಲ್ಲ ಅಂತ," ಎಂದಳು. ಎಲ್ಲರೂ ಅರ್ಥವಾದಂತೆ ತಲೆದೂಗಿದರು. ಥೆಮೆಲಿನಾ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಗ ಚಪ್ಪಾಳೆ ಬಿತ್ತು. ಒಬ್ಬ ಮುದುಕ ಡಚ್ಚಿನವನು ಟೋಪಿ ತೆಗೆದು ಸೆವಾಸ್ತಿಯ ಕೈಗೆ ಮುತ್ತಿಟ್ಟ.

ಆಮೇಲೆ ಎರಡು ದಿನ ಸೆವಾಸ್ತಿ ಹಾಸಿಗೆ ಬಿಟ್ಟು ಏಳಲಿಲ್ಲ. ಮೂರನೆಯ ದಿನ ಪಂದೆಲಿಸ್ ಹೊಳೆಯುವ ಮುಖ ಹೊತ್ತು ಬಂದ. ಅವನಿಗೆ ದೋಣಿಯ ಕಂಪನಿಗಳಿಂದ ಕೋರಿಕೆ ಬಂದಿತ್ತು: ಸ್ತಾವ್ರಿಯ ಸಾಂಪ್ರದಾಯಿಕ ಜಗಳ ವಾರದ ಯಾವ ದಿನ, ಎಷ್ಟು ಗಂಟೆಗೆ?

"ಮಂಗಳವಾರ, ಶುಕ್ರವಾರ. ಹನ್ನೊಂದೂವರೆಗೆ ಇಟ್ಕೊಂಡ್ರೆ ದೋಣಿಯವರಿಗೂ ಅನುಕೂಲ," ಎಂದ ಪಂದೆಲಿಸ್.

"ಎದ್ದು ಹೋಗು ಇಲ್ಲಿಂದ."

"ಥೆಮೆಲಿನಾ ಒಪ್ಪಿದ್ದಾಳೆ."

ಸೆವಾಸ್ತಿ ಬಾಗಿಲ ಕಡೆ ಚಾಚಿದ್ದ ಕೈಯನ್ನು ಇಳಿಸಿದಳು. "ಏನಂದಳು?"

"'ನಂದು ಇನ್ನೂ ಮುಗಿದಿಲ್ಲ, ಬರಲಿ' ಅಂದಳು."

ಮಂಗಳವಾರ ಸೆವಾಸ್ತಿ ಹೋದಳು. ಅವಳದೂ ಮುಗಿದಿರಲಿಲ್ಲ.

ಬಸ್ಸು ವಾಪಸ್ಸಾಗುವುದು ನಾಲ್ಕಕ್ಕೆ. ಜಗಳ ಹನ್ನೆರಡಕ್ಕೆಲ್ಲ ಮುಗಿದುಬಿಡುತ್ತಿತ್ತು. ಮೊದಲ ವಾರ ಉಳಿದ ಹೊತ್ತನ್ನು ಅವಳು ಚರ್ಚಿನ ಮೆಟ್ಟಿಲ ಮೇಲೆ ಕಳೆದಳು. ಎರಡನೆಯ ವಾರ ಸಿದೆರಿಸ್ ಅತ್ತಿತ್ತ ನೋಡಿ, ವಿದೇಶಿಯರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಕಾಫಿ ತಂದು ಪಕ್ಕದಲ್ಲಿಟ್ಟ. ಹೊಗೆಯಾಡುತ್ತಿತ್ತು. "ತಪ್ಪು ತಿಳ್ಕೋಬೇಡಿ, ಬಿಸಿಯಾಗೇ ಇದೆ," ಎಂದು ಕ್ಷಮೆ ಕೇಳುವವನ ಹಾಗೆ ಹೇಳಿ ಹೋದ. ಮೂರನೆಯ ವಾರ ನೀಲಿ ಬಾಗಿಲ ಒಳಗಿನಿಂದ ಕೂಗು ಕೇಳಿಸಿತು.

"ಆ ಬಿಸಿಲಲ್ಲಿ ಕೂತು ಸತ್ತುಗಿತ್ತು ಹೋದೀಯ. ಶುಕ್ರವಾರ ಯಾರ ಜೊತೆ ಜಗಳ ಆಡಲಿ ನಾನು?"

ಸೆವಾಸ್ತಿ ಒಳಗೆ ಹೋದಳು. ಮೇಜಿನ ಮೇಲೆ ಕಡಲೆಯ ವಡೆ, ಹೆಚ್ಚಿದ ಟೊಮೆಟೊ, ಬ್ರೆಡ್ಡು. ಒಂದು ವಡೆ ತಿಂದು, "ಉಪ್ಪು ಜಾಸ್ತಿ," ಎಂದಳು. "ತಿನ್ನೋದಾದ್ರೆ ತಿನ್ನು," ಎಂದಳು ಥೆಮೆಲಿನಾ. ಅಂದಿನಿಂದ ಮಂಗಳವಾರ ಮತ್ತು ಶುಕ್ರವಾರ ಸೆವಾಸ್ತಿಗೆ ಮಧ್ಯಾಹ್ನದ ಊಟ ಸ್ತಾವ್ರಿಯಲ್ಲೇ ಆಯಿತು. ಅಮ್ಮನ ವಿಷಯ ಮೇಜಿನ ಬಳಿ ಬರುತ್ತಿರಲಿಲ್ಲ. ಅದೇನಿದ್ದರೂ ಬೀದಿಗೆ, ಪ್ರೇಕ್ಷಕರ ಮುಂದೆ. ಅಲ್ಲಿ ಅದನ್ನು ಹತ್ತಾರು ಸಲ ಆಡಿದರು. ಮೊದಮೊದಲು ಅದನ್ನು ಆಡಿದ ದಿನ ಊಟಕ್ಕೆ ಕೂತಾಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಆಗಸ್ಟ್ ಹೊತ್ತಿಗೆ ನೋಡತೊಡಗಿದರು.

ಆಗ ಬೇರೆ ತಾಪತ್ರಯ ಶುರುವಾಯಿತು. ಜಗಳಕ್ಕೆ ಸರಕು ಮುಗಿಯಿತು. ಊಟ ಮಾಡುತ್ತಾ ಮುಂದಿನ ಸಲಕ್ಕೆ ಏನು ಎಂದು ಇಬ್ಬರೂ ಯೋಚಿಸತೊಡಗಿದರು. ಪಕ್ಕದ ಮನೆಯವರ ಬೇಲಿಯ ವ್ಯಾಜ್ಯವನ್ನು ಕಡ ತಂದರು. ಸತ್ತುಹೋದ ಚಿಕ್ಕಪ್ಪಂದಿರ ಜಗಳಗಳನ್ನು ಎಬ್ಬಿಸಿದರು. ಸೆವಾಸ್ತಿ ಮಾತುಗಳನ್ನು ಬರೆದು ತರುತ್ತಿದ್ದಳು. ಥೆಮೆಲಿನಾ ಅವನ್ನು ಬಾಯಿಗೆ ಬಂದಂತೆ ಬದಲಾಯಿಸುತ್ತಿದ್ದಳು.

"ಆ ವಾಕ್ಯದಲ್ಲಿ ಕರ್ತೃನೇ ಇರಲಿಲ್ಲ ಇವತ್ತು."

"ಬೈಗುಳಕ್ಕೆ ಯಾತಕ್ಕೆ ಕರ್ತೃ? ಬೈಸ್ಕೊಳ್ಳೋಳು ನೀನು ಎದುರಿಗೇ ಇದ್ದೀಯಲ್ಲ."

ಲಿಥಾರಿಯವರು ಇದನ್ನೆಲ್ಲ ಒಂದೂವರೆ ತಿಂಗಳು ಸಹಿಸಿದರು. ಆಮೇಲೆ ದಿಯೊಮಿದಿಸ್ ಚೌಕದಲ್ಲಿ ಎದ್ದು ನಿಂತು, ಈ ಜಗಳದಲ್ಲಿ ಅರ್ಧ ಲಿಥಾರಿಯದು, ಓಡಿಹೋದದ್ದು ಲಿಥಾರಿಯಿಂದ, ಮಿಠಾಯಿ ತಿಂದದ್ದು ಲಿಥಾರಿ, ಅಮ್ಮನ ಗೋರಿ ಇರುವುದೂ ಲಿಥಾರಿಯಲ್ಲಿ, ಲಾಭ ಮಾತ್ರ ಸ್ತಾವ್ರಿಗೇಕೆ ಎಂದು ಕೇಳಿದ. ಪುರಸಭೆಗೆ ಮನವಿ ಕೊಡುವುದೆಂದಾಯಿತು. ಮನವಿಯನ್ನು ಬರೆಯಬಲ್ಲವಳು ಒಬ್ಬಳೇ ಇದ್ದುದರಿಂದ, ತನ್ನ ಜಗಳ ತನ್ನ ಊರಿಗೆ ಬರಬೇಕೆಂದು ಸೆವಾಸ್ತಿಯೇ ಬರೆದುಕೊಟ್ಟಳು. ಸ್ತಾವ್ರಿಯವರು ಪ್ರತಿಮನವಿ ಹಾಕಿದರು. ಅದರ ಕರಡನ್ನೂ ಒಂದು ಮಂಗಳವಾರ ಊಟದ ಮೇಜಿನ ಮೇಲೆ ಅವಳೇ ತಿದ್ದಿದಳು, ತಪ್ಪುಗಳನ್ನು ನೋಡಲಾರದೆ. ಪಂದೆಲಿಸ್ ಎರಡನ್ನೂ ಪೂರ್ತಿ ಓದಿದ. ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ ಎಂದು ತೀರ್ಪಾಯಿತು.

ಸೆಪ್ಟೆಂಬರಿನ ಮೊದಲ ಶುಕ್ರವಾರ ಲಿಥಾರಿಗೆ ಮೊದಲ ಸರದಿ. ಗುರುವಾರದಿಂದಲೇ ಬಡಗಣ ಗಾಳಿ ಎದ್ದಿತ್ತು. ಬೆಳಗ್ಗೆ ಸಮುದ್ರ ಬೆಳ್ಳಗೆ ಕುದಿಯುತ್ತಿತ್ತು, ದೋಣಿ ಬರಲಿಲ್ಲ, ಒಬ್ಬ ಪ್ರವಾಸಿಯೂ ಇಲ್ಲ. ಬಸ್ಸೂ ಹೊರಡಲಿಲ್ಲ. ಆದರೂ ಲಿಥಾರಿಯವರೆಲ್ಲ ಮನೆಮನೆಯಿಂದ ಕುರ್ಚಿ ತಂದು ಚೌಕದಲ್ಲಿ ಕೂತರು. ಲೋಕವೆಲ್ಲ ನೋಡಿದ ಜಗಳವನ್ನು ಅವರು ಮಾತ್ರ ನೋಡಿರಲಿಲ್ಲ, ಸ್ತಾವ್ರಿಗೆ ಹೋಗಿ ನೋಡುವುದು ಮರ್ಯಾದೆಯಲ್ಲ ಎಂದು.

ಹನ್ನೊಂದೂವರೆಗೆ ಥೆಮೆಲಿನಾ ತಲೆಗೆ ವಸ್ತ್ರ ಬಿಗಿದುಕೊಂಡು ಗಾಳಿಗೆ ಬಾಗಿ ಅಂಚಿನ ದಾರಿಯಲ್ಲಿ ನಡೆದು ಬಂದಳು. ಚೌಕದ ನಡುವೆ ಅಕ್ಕನ ಎದುರು ಬಂದು ನಿಂತಳು.

"ಶುರು ಮಾಡು," ಎಂದಳು.

"ನೀನು ಮಾಡು. ಬಂದವಳು ನೀನು."

"ನನಗೇನೂ ಹೊಳೀತಿಲ್ಲ."

"ಬರೆದದ್ದು ಒಳಗಿದೆ. ತರ್ಲಾ?"

"ಬೇಡ ಬಿಡು, ಗಾಳಿಗೆ ಹಾರಿಹೋಗುತ್ತೆ."

ಥೆಮೆಲಿನಾ ಚೌಕದ ಸುತ್ತಲ ಮನೆಗಳನ್ನು, ಬಾಗಿಲುಗಳ ಬಣ್ಣವನ್ನು, ರೆಕ್ಕೆಯಿಲ್ಲದ ಗಿರಣಿಯನ್ನು ಒಂದೊಂದಾಗಿ ನೋಡುತ್ತಿದ್ದಳು. ಕುರ್ಚಿಗಳಲ್ಲಿ ಗುಸುಗುಸು ಎದ್ದಿತು.

"ನೋಡಿದ್ರಾ? ಅಲ್ಲಾದ್ರೆ ಗಂಟೆಗಟ್ಟಲೆ ಆಡ್ತಾರೆ," ಎಂದ ದಿಯೊಮಿದಿಸ್. "ಸ್ವಂತ ಊರಿಗೆ ಬಂದಾಗ ಬಾಯಿಗೆ ಬೀಗ!"

"ನಿನ್ನ ಕುರ್ಚಿ ಹಿಂದಕ್ಕೆ ತಗೊಳಯ್ಯ, ಏನೂ ಕಾಣಿಸ್ತಿಲ್ಲ," ಎಂದರು ಹಿಂದಿನಿಂದ.

"ಕಾಣೋದಕ್ಕೆ ಏನಿದೆ ಇಲ್ಲಿ?"

"ಆಗ ಮಿಠಾಯಿ ಹೆಚ್ಚು ತಿಂದದ್ದೂ ನಿಮ್ಮ ಮನೆಯವರೇ!"

ಅಷ್ಟು ಸಾಕಾಯಿತು. ಐದು ನಿಮಿಷದಲ್ಲಿ ಇಡೀ ಚೌಕ ಎದ್ದು ನಿಂತಿತ್ತು. ಒಂದು ಪ್ಲಾಸ್ಟಿಕ್ ಕುರ್ಚಿ ಮುರಿಯಿತು, ಅದು ಯಾರದೆಂದು ಇನ್ನೊಂದು ಜಗಳ ಹುಟ್ಟಿತು. ಅಕ್ಕತಂಗಿಯರನ್ನು ಯಾರೂ ಗಮನಿಸುತ್ತಿರಲಿಲ್ಲ. ಸೆವಾಸ್ತಿ ತಂಗಿಯ ತೋಳು ಹಿಡಿದು ಮನೆಯೊಳಕ್ಕೆ ಕರೆದುಕೊಂಡು ಹೋಗಿ, ಗಾಳಿಗೆ ಬಡಿದುಕೊಳ್ಳುತ್ತಿದ್ದ ಬಾಗಿಲಿಗೆ ಅಗುಳಿ ಹಾಕಿದಳು.

ಥೆಮೆಲಿನಾ ಅಡುಗೆಮನೆಯ ನಡುವೆ ನಿಂತು ಹೊರಗಿನ ಗಲಾಟೆಯನ್ನು ಕಿವಿಗೊಟ್ಟು ಕೇಳಿದಳು.

"ದಿಯೊಮಿದಿಸ್‌ಗೆ ಗಂಟಲು ಚೆನ್ನಾಗಿದೆ," ಎಂದಳು. "ಆದ್ರೆ ಬೇಗ ಬೇಗ ಎಲ್ಲಾ ಹೇಳಿಬಿಡ್ತಾನೆ. ಹಾಗೆ ಮಾಡಿದ್ರೆ ಒಂದು ಬೇಸಿಗೆಗೂ ಬರಲ್ಲ."

ಸೆವಾಸ್ತಿ ಪಾತ್ರೆಗೆ ನೀರು ತುಂಬಿ ಒಲೆಯ ಮೇಲಿಟ್ಟಳು.

"ದೋಣಿ ಯಾವಾಗ ಬರುತ್ತಂತೆ?" ಎಂದು ಕೇಳಿದಳು ಥೆಮೆಲಿನಾ.

"ಮೂರು ದಿನ ಇಲ್ಲ ಅಂತ ರೇಡಿಯೋದಲ್ಲಿ ಹೇಳಿದ್ರು."

"ಅಯ್ಯೋ. ಹಾಗಾದ್ರೆ ಏನು ಮಾಡೋದು ಅಕ್ಕ? ಇಲ್ಲೇ ಇರಬೇಕಾಗುತ್ತೆ."

"ಇರಬೇಕಾಗುತ್ತೆ. ಬೇರೆ ದಾರಿ ಇಲ್ಲ."

ಸ್ತಾವ್ರಿಗೆ ಹೋಗಲು ದೋಣಿ ಬೇಕಾಗಿಲ್ಲ ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ. ಥೆಮೆಲಿನಾ ಕುರ್ಚಿ ಎಳೆದುಕೊಂಡು ಕೂತು ಬೂಟು ಬಿಚ್ಚತೊಡಗಿದಳು.